ಅಕ್ಕಿಗಳ ಆಡು

೨೦೦೨ನೇ ಇಸವಿಯ ಜೂನ್ ತಿಂಗಳಿನಲ್ಲಿ ಚಾಮರಾಜಪೇಟೆಯ ಒಂದೇ ಅಡ್ಡರಸ್ತೆಯಲ್ಲಿ ಮೂರು ಮನೆಗಳಿಗೆ ಕಂಪ್ಯೂಟರ್ ಬಂದವು. ಮೊದಲ ಎರಡು ಮನೆಯವರು ಅದನ್ನು ಮಕ್ಕಳಿಗೆ ಬಿಟ್ಟು ಸುಮ್ಮನಾದರು. ಮೂರನೆಯ ಮನೆಯ ಶಂಭುಲಿಂಗಪ್ಪನವರು ಸುಮ್ಮನಾಗಲಿಲ್ಲ.

ಶಂಭುಲಿಂಗಪ್ಪನವರು ಒಂದು ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕರು. ಅವರ ಹಿರಿಯರೆಲ್ಲ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದವರು. ವಂಶದಲ್ಲಿ ಗಜದ ಕಡ್ಡಿ ಬಿಟ್ಟು ಪೆನ್ನು ಹಿಡಿದವರು ಇವರೇ ಮೊದಲು. ಇಪ್ಪತ್ತೈದು ವರ್ಷಗಳಿಂದ ಅವರು ಬರೆದ ಕರಡುಗಳು ಟೈಪಾಗಿ, ಸಾಹೇಬರ ಸಹಿ ಬಿದ್ದು, ರಾಜ್ಯದ ಎಲ್ಲ ಜಿಲ್ಲೆಗಳಿಗೂ ಹೋಗಿದ್ದವು. ಕಾಗುಣಿತ ಸರಿಯಿಲ್ಲವೆಂದು ಒಂದೂ ಹಿಂದಕ್ಕೆ ಬಂದಿರಲಿಲ್ಲ. ಹೀಗಾಗಿ ತಮ್ಮ ಕನ್ನಡದ ಮೇಲೆ ಅವರಿಗೆ ಗಟ್ಟಿ ನಂಬಿಕೆಯಿತ್ತು. ಆ ನಂಬಿಕೆಯನ್ನು ಅವರು ಮನಸ್ಸಿನಲ್ಲೇ ಇಟ್ಟುಕೊಂಡವರೂ ಅಲ್ಲ. ಅವರ ಕೈಬರಹವನ್ನು ಓದಬಲ್ಲವರು ಮಾತ್ರ ಯಾರೂ ಇರಲಿಲ್ಲ. ಅಕ್ಷರಗಳು ಒಂದರ ಹೆಗಲ ಮೇಲೊಂದು ಕೈ ಹಾಕಿಕೊಂಡು ಸಿನಿಮಾಕ್ಕೆ ಹೊರಟಂತೆ ಇರುತ್ತಿದ್ದವು. ಲ ಇರಬಹುದು, ಳ ಇರಬಹುದು. ಅದು ಓದುವವರಿಗೆ ಬಿಟ್ಟದ್ದು.

ಕಂಪ್ಯೂಟರ್ ಬಂದ ದಿನ ಹೆಂಡತಿ ತ್ರಿಪುರಸುಂದರಿ ಅದಕ್ಕೆ ವಿಭೂತಿ ಹಚ್ಚಿ ಹೂವಿಟ್ಟರು. ಏಳನೇ ತರಗತಿಯಲ್ಲಿದ್ದ ಮಗಳು ಶರಣ್ಯ 'ನನ್ನ ಹೆಸರು ಶರಣ್ಯ' ಎಂದು ಕನ್ನಡದಲ್ಲಿ ಮೊದಲ ಸಾಲು ಹೊಡೆದಳು. ಮೂರು ಪದಗಳ ಕೆಳಗೂ ಹಾವು ಹರಿದಂಥ ಕೆಂಪು ಗೆರೆ ಎದ್ದಿತು. ಶಂಭುಲಿಂಗಪ್ಪನವರಿಗೆ ಗಾಬರಿಯಾಯಿತು. ಆ ಗೆರೆ ಬಂತೆಂದರೆ ಕಾಗುಣಿತ ತಪ್ಪು ಎಂದು ಕಚೇರಿಯಲ್ಲಿ ಯಾರೋ ಹೇಳಿದ್ದರು. ನಾಮಕರಣದಲ್ಲಿ ಎಲ್ಲರೂ ಒಪ್ಪಿ ಇಟ್ಟ ಹೆಸರನ್ನೇ ತಪ್ಪು ಎನ್ನುವ ಯಂತ್ರವನ್ನು ಮನೆಯಲ್ಲಿಟ್ಟುಕೊಳ್ಳುವುದು ಹೇಗೆ? ಅದನ್ನು ಜೋಡಿಸಿಕೊಟ್ಟ ಅಂಗಡಿಯ ಶ್ರೀನಿವಾಸಯ್ಯನವರಿಗೆ ಫೋನು ಹೋಯಿತು. ಅವರು ಮರುದಿನ ಸಂಜೆ ಸ್ಕೂಟರಿನಲ್ಲಿ ಬಂದು, ಎರಡು ಕಡೆ ಒತ್ತಿ, ಕಾಫಿ ಕುಡಿದು ಎದ್ದರು.

"ಇನ್ಮೇಲೆ ಕೆಂಪು ಗೆರೆ ಬರಲ್ಲ ಸಾರ್. ಅದಕ್ಕೆ ಇಂಗ್ಲಿಷ್ ಒಂದೇ ಗೊತ್ತಿತ್ತು. ಸರಿ ಮಾಡಿದೀನಿ."

ಶ್ರೀನಿವಾಸಯ್ಯ ಮಾಡಿದ್ದು ಇಷ್ಟೇ: ಗೆರೆ ಎಳೆಯಬೇಡ ಎಂದು ಯಂತ್ರದ ಬಾಯಿ ಮುಚ್ಚಿಸಿದ್ದರು. ಶಂಭುಲಿಂಗಪ್ಪನವರು ತಿಳಿದುಕೊಂಡದ್ದು, ಅವರು ಯಂತ್ರಕ್ಕೆ ಕನ್ನಡ ಕಲಿಸಿ ಹೋದರು ಎಂದು. ಮುಂದೆ ನಡೆದದ್ದೆಲ್ಲ ಇದರಿಂದಲೇ ನಡೆಯಿತು.

ಶರಣ್ಯ ಓದುತ್ತಿದ್ದದ್ದು ಮೂರು ರಸ್ತೆ ಆಚೆಗಿನ ಹೊಸ ಪಾಠಶಾಲೆಯಲ್ಲಿ. ಎಪ್ಪತ್ತು ವರ್ಷ ತುಂಬಿದ್ದರೂ ಅದಕ್ಕೆ ಹೊಸ ಪಾಠಶಾಲೆ ಎಂದೇ ಹೆಸರು. ಅದರ ಆಡಳಿತ ಮಂಡಳಿಯಲ್ಲಿದ್ದ ಬಸವಪ್ರಭು ಎಂಬವರು ಅವೆನ್ಯೂ ರಸ್ತೆಯಲ್ಲಿ ಕಾಗದದ ಸಗಟು ವ್ಯಾಪಾರಿಗಳು. ಕಂಪ್ಯೂಟರ್ ಬಂದರೆ ಕಾಗದ ಕೇಳುವವರೇ ಇರುವುದಿಲ್ಲ ಎಂದು ಎಲ್ಲರೂ ಅವರನ್ನು ಹೆದರಿಸಿದ್ದರು. ಆದರೆ ಒಂದು ತಪ್ಪು ಕಂಡರೆ ಜನ ಹೊಸದಾಗಿ ಇಡೀ ಹಾಳೆಯನ್ನೇ ಮುದ್ರಿಸುತ್ತಾರೆ ಎಂಬುದನ್ನು ಅವರು ಕಣ್ಣಾರೆ ಕಂಡರು. ಕಂಡವರೇ ಸಂತೋಷದಿಂದ ಶಾಲೆಗೆ ಆರು ಕಂಪ್ಯೂಟರ್ ಕೊಟ್ಟರು. ಕೊಟ್ಟದ್ದು ಉಪಯೋಗವಾಗಬೇಕೆಂದು ಪಟ್ಟು ಹಿಡಿದದ್ದರಿಂದ, ಏಳನೇ ತರಗತಿಯ ಮಕ್ಕಳು ತಿಂಗಳಿಗೊಂದು ಕನ್ನಡ ಪ್ರಬಂಧವನ್ನು ಟೈಪ್ ಮಾಡಿ ತರಬೇಕೆಂದು ಹೆಡ್‌ಮಾಸ್ಟರ್ ಪರಮಶಿವಯ್ಯನವರು ಸೂಚನೆ ಹೊರಡಿಸಿದರು. ಮನೆಯಲ್ಲಿ ಕಂಪ್ಯೂಟರ್ ಇದ್ದವರು ಅಲ್ಲೇ ಮಾಡಬಹುದಿತ್ತು.

ಮೊದಲ ತಿಂಗಳ ವಿಷಯ 'ನಮ್ಮ ಬೀದಿಯ ಮರ'. ಶರಣ್ಯ ನೋಟ್‌ಬುಕ್ಕಿನಲ್ಲಿ ಚೊಕ್ಕವಾಗಿ ಕರಡು ಬರೆದಿಟ್ಟು ಸಂಗೀತದ ಪಾಠಕ್ಕೆ ಹೋದಳು. ಮಗು ಬರುವಷ್ಟರಲ್ಲಿ ಟೈಪ್ ಮಾಡಿಟ್ಟರೆ ಎಷ್ಟು ಹಿಗ್ಗುತ್ತಾಳೆ ಎಂದುಕೊಂಡು ಶಂಭುಲಿಂಗಪ್ಪನವರು ಕುರ್ಚಿ ಎಳೆದುಕೊಂಡರು.

ಅವರ ಟೈಪಿಂಗ್ ಒಂದೇ ಬೆರಳಿನದು. ಒಂದು ಸಾಲನ್ನು ನೋಟ್‌ಬುಕ್ಕಿನಿಂದ ಗಟ್ಟಿಯಾಗಿ ಓದಿಕೊಳ್ಳುವುದು, ಆಮೇಲೆ ಕೀಲಿಮಣೆಯ ಮೇಲೆ ಬಗ್ಗಿ, ತಾವು ಅಂದದ್ದನ್ನು ನೆನಪಿನಿಂದ ಒಂದೊಂದೇ ಅಕ್ಷರವಾಗಿ ಹುಡುಕಿ ಕುಟ್ಟುವುದು. ಶಿಫ್ಟ್ ಒತ್ತಿದರೆ ಮಹಾಪ್ರಾಣ ಬರುತ್ತದೆ, ಲ ಹೋಗಿ ಳ ಆಗುತ್ತದೆ ಎಂಬುದು ಅವರಿಗೆ ಗೊತ್ತಾಗಿತ್ತು. ಎಲ್ಲಿ ಒತ್ತಬೇಕು ಎಂಬುದಕ್ಕೂ ಅವರಲ್ಲಿ ಒಂದು ನಿಯಮವಿತ್ತು. ಯಾವ ಪದಕ್ಕೆ ಗೌರವ ಕೊಡಬೇಕೋ ಅದಕ್ಕೆ ಶಿಫ್ಟ್. ಬೇವಿನ ಮರ ಔಷಧಿಯ ಮರ, ಗೌರವಕ್ಕೆ ಅರ್ಹ. ನೆರಳು ಪುಕ್ಕಟೆ ಸಿಗುವಂಥದ್ದು, ಅದಕ್ಕೆ ಶಿಫ್ಟ್ ಯಾಕೆ? 'ಬೇವಿನ ಮರದ ನೆರಳಿನಲ್ಲಿ ಕುಳಿತು ಹಕ್ಕಿಗಳ ಹಾಡು ಕೇಳುತ್ತೇನೆ' ಎಂದು ಶರಣ್ಯ ಬರೆದಿದ್ದಳು. ಪರದೆಯ ಮೇಲೆ ಅದು 'ಭೇವಿನ ಮರದ ನೆರಲಿನಲ್ಲಿ ಕುಲಿತು ಅಕ್ಕಿಗಳ ಆಡು ಕೇಳುತ್ತೇನೆ' ಎಂದಾಯಿತು. ಶಂಭುಲಿಂಗಪ್ಪನವರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಒಂದು ಪದದ ಕೆಳಗೂ ಕೆಂಪು ಗೆರೆಯಿಲ್ಲ. ಅವರಿಗೆ ತೃಪ್ತಿಯಾಯಿತು.

ಪಾಠದಿಂದ ಬಂದ ಶರಣ್ಯ ಮುದ್ರಿತ ಹಾಳೆಯನ್ನು ಓದಿದಳು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಪ್ಪಾಜಿ ಪಕ್ಕದ ಮನೆಯವರನ್ನು ಕರೆದು, ತಾವು ಮತ್ತು ಯಂತ್ರ ಸೇರಿ ಮುಕ್ಕಾಲು ಗಂಟೆಯಲ್ಲಿ ಮುಗಿಸಿದ ಕೆಲಸವನ್ನು ತೋರಿಸುತ್ತಿದ್ದರು. ಅವರ ಮುಖ ನೋಡಿ ಅವಳು ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ಕನ್ನಡ ಶಿಕ್ಷಕಿ ಸರ್ವಮಂಗಳಾ ಅವರು ಇಪ್ಪತ್ತು ವರ್ಷಗಳಿಂದ ಆ ಶಾಲೆಯ ಮಕ್ಕಳ ಕಾಗುಣಿತ ಕಾಯುತ್ತಿದ್ದವರು. ಆ ತಿಂಗಳ ಪ್ರಬಂಧಗಳಿಂದ ಅವರಿಗೆ ಸಾಕುಸಾಕಾಗಿತ್ತು. ಒಬ್ಬ ಹುಡುಗ ಒಂದೇ ಪ್ಯಾರಾವನ್ನು ಐದು ಸಲ ಅಂಟಿಸಿ ಎರಡು ಪುಟ ತುಂಬಿಸಿದ್ದ. ಇನ್ನೊಬ್ಬಳು ಒಂದೊಂದು ಸಾಲಿಗೆ ಒಂದೊಂದು ಬಣ್ಣ ಹಾಕಿ, ಮರದ ವಿಷಯವನ್ನು ನಾಲ್ಕು ಸಾಲಿಗೆ ಮುಗಿಸಿದ್ದಳು. ಇವನ್ನೆಲ್ಲ ಸಹಿಸಿಕೊಂಡವರು ಶರಣ್ಯಳ ಹಾಳೆಗೆ ಬಂದಾಗ ಪೆನ್ನು ಕೆಳಗಿಟ್ಟರು. ತರಗತಿಯಲ್ಲಿ ಬರೆದರೆ ಒಂದು ತಪ್ಪು ಹುಡುಕುವುದೂ ಕಷ್ಟವಾಗಿದ್ದ ಹುಡುಗಿ. ಅವಳ ಮುದ್ರಿತ ಪ್ರಬಂಧದಲ್ಲಿ ಇಪ್ಪತ್ಮೂರು ತಪ್ಪು. ಪಕ್ಕದಲ್ಲಿ ಅವರು ಕೆಂಪು ಶಾಯಿಯಲ್ಲಿ 'ಅಕ್ಕಿಗೆ ಆಡು ಎಲ್ಲಿಂದ ಬಂತು?' ಎಂದು ಬರೆದರು. ಕೊನೆಯಲ್ಲಿ, ಕಂಪ್ಯೂಟರ್ ಈ ಮಗುವಿನ ಭಾಷೆಯನ್ನು ಕೆಡಿಸುತ್ತಿದೆ, ದಯವಿಟ್ಟು ನಿಲ್ಲಿಸಿ ಎಂದು ಪೋಷಕರಿಗೆ ಒಂದು ಸಾಲು ಸೇರಿಸಿದರು.

ಪೋಷಕರು ಅದನ್ನು ಓದಿ ನಡುಮನೆಯಲ್ಲಿ ನಾಲ್ಕು ಸುತ್ತು ಹಾಕಿದರು. ಯಂತ್ರ ಸರಿ ಅಂದದ್ದನ್ನು ಒಬ್ಬ ಶಿಕ್ಷಕಿ ತಪ್ಪು ಅನ್ನುವುದೆಂದರೇನು? ಯಂತ್ರಕ್ಕೇನು ಶರಣ್ಯಳ ಮೇಲೆ ದ್ವೇಷವಿದೆಯೇ, ಪಕ್ಷಪಾತವಿದೆಯೇ? ತ್ರಿಪುರಸುಂದರಿ, ಮೇಡಂ ಇಷ್ಟು ವರ್ಷ ಪಾಠ ಮಾಡಿದವರಲ್ಲವೇ, ಒಂದು ಸಲ ನೋಟ್‌ಬುಕ್ ಪಕ್ಕದಲ್ಲಿಟ್ಟು ನೋಡಬಾರದೇ ಎಂದು ಕೇಳಿದರು. ಶಂಭುಲಿಂಗಪ್ಪನವರು ನೋಡಲಿಲ್ಲ. ಹೆಡ್‌ಮಾಸ್ಟರಿಗೆ ದೂರು ಬರೆಯಲು ಕುಳಿತರು. ಬರಹ ಗಂಭೀರವಾದದ್ದಾದ್ದರಿಂದ ಶಿಫ್ಟ್ ಕೀಲಿಗೆ ಆ ದಿನ ಬಿಡುವಿರಲಿಲ್ಲ. 'ಮಾನ್ಯ ಮುಖ್ಯೋಫಾಧ್ಯಾಯರೇ, ಥಮ್ಮ ಶಾಲೆಯ ಖನ್ನಡ ಷಿಕ್ಷಕಿಯವರು ನಮ್ಮ ಮಗಲು ಬರೆದ ಫ್ರಬಂಧವನ್ನು' ಎಂದು ಶುರುವಾದ ಪತ್ರ ಒಂದೂವರೆ ಪುಟಕ್ಕೆ ಬೆಳೆಯಿತು. ಒಂದು ಪ್ರತಿ ಪರಮಶಿವಯ್ಯನವರಿಗೆ, ಇನ್ನೊಂದು ಬಸವಪ್ರಭುಗಳಿಗೆ.

ನಿವೃತ್ತಿಗೆ ಏಳು ತಿಂಗಳಿದ್ದ ಪರಮಶಿವಯ್ಯನವರು ಯಾವ ಕಾಗದವನ್ನೂ ತಮ್ಮ ಮೇಜಿನ ಮೇಲೆ ಒಂದು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುತ್ತಿರಲಿಲ್ಲ. ದೂರನ್ನು ಸರ್ವಮಂಗಳಾ ಅವರಿಗೇ ಕಳಿಸಿ ವಿವರಣೆ ಕೇಳಿದರು. ಅವರು ವಿವರಣೆ ಬರೆಯಲಿಲ್ಲ. ದೂರನ್ನೇ ತಿದ್ದಿ ಕೊಟ್ಟರು. ಮೂವತ್ತೊಂದು ಸೊನ್ನೆ ಸುತ್ತಿ, ಕೆಳಗೆ 'ವಿಷಯ ಸ್ಪಷ್ಟವಾಗಿದೆ. ಕಾಗುಣಿತ ಗಮನಿಸಿ. ಇಪ್ಪತ್ತೈದಕ್ಕೆ ನಾಲ್ಕು' ಎಂದು ಹಾಕಿದ್ದರು. ಹೆಡ್‌ಮಾಸ್ಟರು ಅದನ್ನು ಲಕೋಟೆಯಲ್ಲಿಟ್ಟು ಶಂಭುಲಿಂಗಪ್ಪನವರಿಗೆ ಕಳಿಸಿಬಿಟ್ಟರು.

ಬಸವಪ್ರಭುಗಳಿಗೆ ಕಾಗದದ ತೂಕ ಗೊತ್ತಿತ್ತೇ ಹೊರತು ಅದರ ಮೇಲಿನ ಅಕ್ಷರಗಳ ತಂಟೆಗೆ ಅವರು ಹೋದವರಲ್ಲ. ಅಚ್ಚಾದದ್ದೆಲ್ಲ ಸರಿ ಎಂಬುದು ಅವರ ಅಭಿಪ್ರಾಯ. ಶಂಭುಲಿಂಗಪ್ಪನವರು ಅಂಗಡಿಗೇ ಹೋಗಿ ಹೇಳಿದ್ದನ್ನು ಕೇಳಿ ಅವರಿಗೆ ನೋವಾಯಿತು. ತಾವು ಕೊಟ್ಟ ಯಂತ್ರ ಮಕ್ಕಳ ಭಾಷೆ ಕೆಡಿಸುತ್ತದೆ ಎಂದು ಶಾಲೆಯ ಒಳಗಿನವರೇ ಬರೆದು ಕೊಡುವುದೇ?

ಅಷ್ಟರಲ್ಲಿ ಸುದ್ದಿ ಬಡಾವಣೆಗೆಲ್ಲ ಹಬ್ಬಿತ್ತು. ಕಂಪ್ಯೂಟರ್ ಮುಟ್ಟಿದ ಮಕ್ಕಳಿಗೆ ಳಕಾರ ಹೋಗುತ್ತದಂತೆ ಎಂದು ತರಕಾರಿ ಗಾಡಿಯ ಹತ್ತಿರ ಮಾತಾಯಿತು. ಮೊದಲನೇ ಮನೆಯವರು ತಮ್ಮದಕ್ಕೆ ಬೆಡ್‌ಶೀಟ್ ಹೊದಿಸಿ, ಮಗ ಅದರ ಎದುರು ಕೂತು ಕೈಯಲ್ಲಿ ಬರೆಯಬೇಕೆಂದು ಕಟ್ಟಪ್ಪಣೆ ಮಾಡಿದರು. ಎರಡನೇ ಮನೆಯವರ ಮಗಳಿಗೆ ನೆಗಡಿಯಾದದ್ದೂ ಅದೇ ಲೆಕ್ಕಕ್ಕೆ ಹೋಯಿತು. ಏಳನೇ ತರಗತಿಯ ಹತ್ತು ಪೋಷಕರು ಟೈಪಿಂಗ್ ನಿಲ್ಲಿಸಬೇಕೆಂದು ಅರ್ಜಿ ಕೊಟ್ಟರು. ನಿಲ್ಲಿಸಿದರೆ ಆರೂ ಯಂತ್ರಗಳನ್ನು ವಾಪಸು ಒಯ್ಯುತ್ತೇನೆಂದು ಬಸವಪ್ರಭುಗಳು ಹೇಳಿದರು. ಪರಮಶಿವಯ್ಯನವರು ಎರಡು ದಿನ ರಜೆ ಹಾಕಿ ನೋಡಿದರು. ವಿಷಯ ಅಲ್ಲೇ ಕಾಯುತ್ತಿತ್ತು. ಕೊನೆಗೆ ಶನಿವಾರ ಮಂಡಳಿಯ ಎದುರು ಶರಣ್ಯ ಒಂದು ಪ್ರಬಂಧವನ್ನು ಕೈಯಲ್ಲೂ ಇನ್ನೊಂದನ್ನು ಕಂಪ್ಯೂಟರಿನಲ್ಲೂ ಬರೆಯಬೇಕು, ತಪ್ಪುಗಳನ್ನು ಎಣಿಸಿ ತೀರ್ಮಾನ ಮಾಡಬೇಕು ಎಂದಾಯಿತು.

ತಮ್ಮ ಪರವಾಗಿ ಒಂದು ಸಾಕ್ಷಿ ಇರಲಿ ಎಂದು ಶಂಭುಲಿಂಗಪ್ಪನವರು ಗುರುವಾರ ಸಂಜೆ ಮಲ್ಲೇಶ್ವರಕ್ಕೆ ಬಸ್ಸು ಹತ್ತಿದರು. ಅಲ್ಲಿ ಸಂಪಿಗೆ ರಸ್ತೆಯ ಹಿಂದಿನ ಒಂದು ವಠಾರದಲ್ಲಿ ವೆಂಕಟಾಚಲ ಇದ್ದರು. ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಇವರ ಕರಡುಗಳನ್ನು ಟೈಪ್ ಮಾಡಿ ನಿವೃತ್ತರಾದವರು. ಶನಿವಾರ ಬಂದು, ಶಂಭುಲಿಂಗಪ್ಪನವರ ಬರವಣಿಗೆಯಲ್ಲಿ ಒಂದು ದಿನವೂ ತಪ್ಪು ಕಂಡಿಲ್ಲ ಎಂದು ನಾಲ್ಕು ಮಾತು ಹೇಳಬೇಕು, ಅಷ್ಟೇ. ವೆಂಕಟಾಚಲ ಕಾಫಿ ತರಿಸಿದರು. ಕುಡಿದು ಮುಗಿಸಿ ಲೋಟ ಕೆಳಗಿಟ್ಟರು.

"ತಪ್ಪು ಕಂಡಿಲ್ಲ ಅನ್ನೋದು ನಿಜ," ಎಂದರು. "ನಿಮ್ಮ ಅಕ್ಷರ ನನಗೆ ಓದಕ್ಕೇ ಬರ್ತಿರಲಿಲ್ಲ ಶಂಭುಲಿಂಗಪ್ಪನೋರೆ. ಫೈಲ್ ಕೊಡುವಾಗ ವಿಷಯ ಹಿಂಗಿಂಗೆ ಅಂತ ಬಾಯಲ್ಲಿ ಹೇಳ್ತಿದ್ರಲ್ಲ, ಅದನ್ನ ಕೇಳ್ಕೊಂಡು ನಾನೇ ಬರ್ದು ಟೈಪ್ ಮಾಡ್ತಿದ್ದೆ."

"ಇಪ್ಪತ್ತೆರಡು ವರ್ಷಾನೂ?"

"ಒಂದ್ಸಲ ಓದೋಣ ಅಂತ ಕೂತೆ. ಅವತ್ತು ಮಧ್ಯಾಹ್ನದವರೆಗೂ ಕೆಲಸ ಸಾಗಲಿಲ್ಲ."

ಹಾಗಾದರೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಶಂಭುಲಿಂಗಪ್ಪನವರು ಕೇಳಿದರು. ನೀವು ಕೇಳಲಿಲ್ಲ ಎಂದರು ವೆಂಕಟಾಚಲ. ಆಮೇಲೆ ಸ್ವಲ್ಪ ಮೆತ್ತಗೆ, ಹೇಳುವಷ್ಟು ಕಷ್ಟವೇನೂ ಆಗಿರಲಿಲ್ಲ, ನೀವು ವಿಷಯ ಹೇಳುವುದು ಯಾವಾಗಲೂ ಬಹಳ ಚೆನ್ನಾಗಿರುತ್ತಿತ್ತು ಎಂದು ಸೇರಿಸಿದರು.

ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಶರಣ್ಯಳನ್ನು ಕರೆದು, ನಿನ್ನ ನೋಟ್‌ಬುಕ್ ತಾ ಎಂದರು. ನೋಟ್‌ಬುಕ್ಕನ್ನೂ ಕೆಂಪು ಶಾಯಿಯ ಪ್ರಬಂಧದ ಹಾಳೆಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಬೆರಳಿಟ್ಟು ಓದಿದರು. ನೋಟ್‌ಬುಕ್ಕಿನಲ್ಲಿ ಹಕ್ಕಿಗಳಿದ್ದವು. ಹಾಡೂ ಇತ್ತು. ಅವರು ಯಂತ್ರದ ಕಡೆ ನೋಡಿದರು. ಶರಣ್ಯ ಅರ್ಥಮಾಡಿಕೊಂಡು ಯಂತ್ರ ಹಚ್ಚಿದಳು. 'ಡಬ್ಬಬ್ಬಬ್ಬೋ' ಎಂದು ಒಂದು ಪದ ಹೊಡೆದಳು. ಇಬ್ಬರೂ ಕಾದರು. ಗೆರೆ ಬರಲಿಲ್ಲ.

"ಅದಕ್ಕೆ ಕನ್ನಡ ಬರಲ್ಲ ಅಪ್ಪಾಜಿ. ಅವತ್ತು ಅಂಕಲ್ ಬಂದು ಗೆರೆ ಬರೋದನ್ನ ನಿಲ್ಲಿಸಿದ್ರು, ಅಷ್ಟೇ."

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಮೇಡಂ ಹತ್ರ ಯಾಕೆ ಹೇಳಲಿಲ್ಲ, ಟೈಪ್ ಮಾಡಿದ್ದು ನಾನು ಅಂತ?"

ಶರಣ್ಯ ಹಾಳೆಯನ್ನು ಮತ್ತೆ ಮಡಿಸಿದಳು. ಇಪ್ಪತ್ಮೂರು ತಪ್ಪನ್ನೂ ಮೂರು ವಾರದಿಂದ ತನ್ನ ಹೆಸರಿನಲ್ಲೇ ಇಟ್ಟುಕೊಂಡು ಅವಳು ಶಾಲೆಗೆ ಹೋಗಿ ಬರುತ್ತಿದ್ದಳು. ಅಕ್ಕಿಯ ಆಡು ಬಂತು ಎಂದು ಹುಡುಗರು ಅವಳನ್ನು ಕಾಡುತ್ತಿದ್ದರೆಂಬುದು ತ್ರಿಪುರಸುಂದರಿಗೆ ಮಾತ್ರ ಗೊತ್ತಿತ್ತು. ಆಕೆ ಈಗ ಅಡುಗೆಮನೆಯ ಬಾಗಿಲಿಗೆ ಬಂದು, ಮಗುವಿಗೆ ಜ್ವರವೆಂದು ಹೇಳಿ ಕಳಿಸಿದರೆ ಶನಿವಾರ ತಪ್ಪುತ್ತದೆ, ಆಮೇಲೆ ಎಲ್ಲರೂ ಮರೆಯುತ್ತಾರೆ ಎಂದರು.

"ಜ್ವರ ಗಿರ ಏನೂ ಬೇಡ," ಎಂದರು ಶಂಭುಲಿಂಗಪ್ಪನವರು. "ಶನಿವಾರ ಎಲ್ಲರೂ ಹೋಗ್ತೀವಿ."

ಶನಿವಾರ ಕಂಪ್ಯೂಟರ್ ಕೋಣೆಯಲ್ಲಿ ಮಂಡಳಿಯವರು, ಅರ್ಜಿ ಕೊಟ್ಟ ಹತ್ತು ಪೋಷಕರು, ಆರು ಯಂತ್ರಗಳು, ನಡುವೆ ಶರಣ್ಯ. ಸರ್ವಮಂಗಳಾ ಅವರು ಎರಡು ಹೊಸ ವಿಷಯ ಕೊಟ್ಟರು. ಒಂದೊಂದಕ್ಕೆ ಅರ್ಧ ಗಂಟೆ. ಕೈಯಲ್ಲಿ ಬರೆದದ್ದು ಒಂದು ಪುಟವಾಯಿತು, ಎರಡು ತಪ್ಪು. ಟೈಪ್ ಮಾಡುವಾಗ ಸರ್ವಮಂಗಳಾ ಅವರು ಅವಳ ಹಿಂದೆಯೇ ನಿಂತು ನೋಡಿದರು. ಶರಣ್ಯ ಮೊದಲ ಪ್ಯಾರಾ ಬರೆದಳು, ಎರಡನೆಯದನ್ನು ಬರೆದಳು, ಆಮೇಲೆ ಮೊದಲನೆಯದನ್ನು ಎತ್ತಿ ಕೊನೆಗೆ ಹಾಕಿ, ಆರಂಭಕ್ಕೆ ಹೊಸ ಸಾಲುಗಳನ್ನು ಬರೆದಳು. ಎರಡು ಕಡೆ ಳಕಾರ ಬಿಟ್ಟುಹೋದದ್ದನ್ನು ತಾನೇ ಕಂಡು ಸರಿಮಾಡಿದಳು. ಮುದ್ರಿಸಿದಾಗ ಒಂದೂವರೆ ಪುಟ, ಮೂರು ತಪ್ಪು. ಸರ್ವಮಂಗಳಾ ಅವರು ಎರಡನ್ನೂ ಮತ್ತೊಮ್ಮೆ ಓದಿ, ಪ್ರಬಂಧವಾಗಿ ಎರಡನೆಯದೇ ಚೆನ್ನಾಗಿದೆ ಎಂದರು. ಹಾಗೆ ಹೇಳುವುದು ಅವರಿಗೆ ಸುಲಭವಾಗಿರಲಿಲ್ಲ, ಆದರೂ ಹೇಳಿದರು.

ಹಾಗಾದರೆ ಆ ಇಪ್ಪತ್ಮೂರು ಎಲ್ಲಿಂದ ಬಂದವು ಎಂಬ ಪ್ರಶ್ನೆ ಎದ್ದಿತು. ಶಾಲೆಯ ಯಂತ್ರ ಒಳ್ಳೆಯದು, ಮನೆಯದು ಕಳಪೆ, ಅಂಥ ಯಂತ್ರಗಳಿಗೆ ಕಾಗುಣಿತ ಬರುವುದಿಲ್ಲ ಎಂದು ಬಸವಪ್ರಭುಗಳು ಕಾರಣ ಕೊಟ್ಟರು. ಪೋಷಕರಲ್ಲೊಬ್ಬರು, ಮನೆಯ ಕರೆಂಟಿನಲ್ಲೇ ದೋಷವಿರಬಹುದು ಎಂದರು. ಇದನ್ನು ಪರಿಶೀಲಿಸಲು ಒಂದು ಉಪಸಮಿತಿ ಮಾಡೋಣ, ಅದರ ವರದಿ ಏಳು ತಿಂಗಳಲ್ಲಿ ಬಂದರೆ ಸಾಕು ಎಂದು ಪರಮಶಿವಯ್ಯನವರು ಸೂಚಿಸಿದರು.

ಸರ್ವಮಂಗಳಾ ಅವರು ಇದ್ಯಾವುದಕ್ಕೂ ಕಿವಿಗೊಡಲಿಲ್ಲ. ಶರಣ್ಯಳ ಕಡೆ ತಿರುಗಿ, "ಮನೇಲಿ ಟೈಪ್ ಮಾಡಿದ್ದು ನೀನೇನಾಮ್ಮ?" ಎಂದು ಕೇಳಿದರು.

ಶರಣ್ಯ ತಲೆ ತಗ್ಗಿಸಿದಳು. ಹೌದು ಎಂದರೆ ಸುಳ್ಳು. ಅಲ್ಲ ಎಂದರೆ ಹತ್ತು ಪೋಷಕರ ಎದುರು ಅಪ್ಪಾಜಿಯ ಮರ್ಯಾದೆ. ಹಿಂದಿನ ಬೆಂಚಿನಿಂದ ಶಂಭುಲಿಂಗಪ್ಪನವರು ಎದ್ದರು. ಆ ಬೆಂಚು ಮಕ್ಕಳ ಅಳತೆಯದಾದ್ದರಿಂದ ಏಳಲು ಸ್ವಲ್ಪ ಹೊತ್ತು ಹಿಡಿಯಿತು.

"ಅವಳಲ್ಲ ಮೇಡಂ, ನಾನು. ಇಪ್ಪತ್ಮೂರೂ ನನ್ನವೇ. ಆ ದೂರಿನಲ್ಲಿದ್ದ ಮೂವತ್ತೊಂದೂ ನನ್ನವೇ. ಮಗು ಬರೆದದ್ದು ಸರಿಯಾಗೇ ಇತ್ತು. ಮಷೀನಿಗೆ ಏನೂ ಗೊತ್ತಿಲ್ಲ."

ಯಾರೂ ನಗಲಿಲ್ಲ. ನಗಬೇಕೋ ಬೇಡವೋ ಎಂದು ಎಲ್ಲರೂ ಸರ್ವಮಂಗಳಾ ಅವರ ಮುಖ ನೋಡಿದರು. ಮಷೀನಿಗೆ ಏನೂ ಗೊತ್ತಿಲ್ಲ ಎಂಬುದನ್ನು ಬಿಟ್ಟು, ಮಷೀನಿನ ತಪ್ಪೇನೂ ಇಲ್ಲ ಎಂದು ನಡಾವಳಿಯಲ್ಲಿ ಬರೆಸಬೇಕೆಂದು ಬಸವಪ್ರಭುಗಳು ಕೇಳಿಕೊಂಡರು. ಪರಮಶಿವಯ್ಯನವರು ಆಗಲೇ ಬರೆದು ಮುಗಿಸಿದ್ದರು. ಆದರೆ ಶಂಭುಲಿಂಗಪ್ಪನವರು ಕುಳಿತಿರಲಿಲ್ಲ.

"ಇನ್ನೊಂದು ಮಾತು ಮೇಡಂ. ನಾನು ಕಲೀಬೇಕು. ಕಲಿಸ್ತೀರಾ?"

ಸರ್ವಮಂಗಳಾ ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. "ನಾನೂ ಮಗೂನ ಕೇಳದೆ ಕಂಪ್ಯೂಟರ್ ಮೇಲೆ ತಪ್ಪು ಹಾಕ್ಬಿಟ್ಟೆ," ಎಂದರು. "ಸೋಮವಾರ ಮೊದಲನೇ ಪೀರಿಯಡ್ ಉಕ್ತಲೇಖನ ಇರುತ್ತೆ. ಬರೋ ಹಾಗಿದ್ರೆ ಹೊಸ ನೋಟ್‌ಬುಕ್ ತನ್ನಿ. ತಡವಾಗಿ ಬಂದರೆ ಒಳಗೆ ಬಿಡಲ್ಲ."

ಕಚೇರಿಗೆ ಪ್ರತಿ ಸೋಮವಾರ ಒಂದು ಗಂಟೆ ತಡವಾಗಿ ಬರಲು ಶಂಭುಲಿಂಗಪ್ಪನವರು ಅನುಮತಿ ಕೇಳಿದರು. ಕಾರಣವೆಂದು 'ಶಾಲೆ' ಎಂದು ಬರೆದಿದ್ದರು. ಮಗಳದ್ದೆಂದುಕೊಂಡು ಸಾಹೇಬರು ಒಪ್ಪಿದರು. ಸೋಮವಾರ ಘಂಟೆ ಹೊಡೆಯುವುದಕ್ಕೆ ಹತ್ತು ನಿಮಿಷ ಮೊದಲೇ ಅವರು ಕೊನೆಯ ಬೆಂಚಿನಲ್ಲಿದ್ದರು. ಪಕ್ಕದ ಹುಡುಗ ಜಾಗ ಬಿಟ್ಟು ಸರಿದು, ಪ್ರತಿಯೊಂದು ಅಕ್ಷರವನ್ನೂ ತೋಳು ಅಡ್ಡ ಹಿಡಿದು ಬರೆದ. ಅವನು ಹಾಗೆ ಮಾಡಿದ್ದು ಒಳ್ಳೆಯದೇ ಆಯಿತು. ಇಪ್ಪತ್ತು ಪದಗಳು. ನೆರಳು, ವಿಶೇಷ, ಹೆಬ್ಬಾಗಿಲು, ಅಭಿವೃದ್ಧಿ. ಹಿಂದಿನ ಅಭ್ಯಾಸದಲ್ಲಿ ಒಂದನ್ನು ಗೀಚಿದ ಹಾಗೆ ಬರೆದಾಗ ಸರ್ವಮಂಗಳಾ ಅವರು ಬೆಂಚಿನ ಹತ್ತಿರ ಬಂದು, ಇದು ಲ ಇರಬೇಕು ಇಲ್ಲವೇ ಳ ಇರಬೇಕು, ಎರಡೂ ಆಗುವುದಿಲ್ಲ ಎಂದು ಹೇಳಿ ಹೋದರು. ಅಷ್ಟು ಕಷ್ಟದ ತೀರ್ಮಾನವನ್ನು ಶಂಭುಲಿಂಗಪ್ಪನವರು ಜೀವನದಲ್ಲಿ ಕೆಲವೇ ಸಲ ಮಾಡಿದ್ದರು.

ಇಪ್ಪತ್ತಕ್ಕೆ ಎಂಟು ಬಂತು. ತಪ್ಪಾದ ಪದಗಳನ್ನು ಹತ್ತು ಹತ್ತು ಸಲ ಬರೆಯಬೇಕಿತ್ತು. ಸಂಜೆ ಅವರು ಪೆನ್ಸಿಲ್ ಚೂಪು ಮಾಡಿಕೊಂಡು ಕುಳಿತದ್ದನ್ನು ನೋಡಿ ಶರಣ್ಯ, ಕಂಪ್ಯೂಟರಿನಲ್ಲಿ ಒಂದು ಸಲ ಹೊಡೆದು ಒಂಬತ್ತು ಸಲ ಅಂಟಿಸಿದರೆ ಎರಡೇ ನಿಮಿಷ ಎಂದು ನೆನಪಿಸಿದಳು. ತರಗತಿಯ ಅರ್ಧ ಮಕ್ಕಳು ಹಾಗೇ ಮಾಡುತ್ತಿದ್ದರು. ಶಂಭುಲಿಂಗಪ್ಪನವರು ಒಂದು ಗಳಿಗೆ ಯೋಚಿಸಿದರು. ಹಾಗೆ ಮಾಡಿದರೆ ಕಲಿತದ್ದು ಒಂದು ಸಲ ಮಾತ್ರ ಆಗುತ್ತದೆ, ಉಳಿದ ಒಂಬತ್ತು ಯಾರು ಕಲಿಯುವುದು ಎಂದು ಕೇಳಿ, ನೂರಾ ಇಪ್ಪತ್ತು ಪದಗಳನ್ನೂ ಕೈಯಲ್ಲೇ ಬರೆದರು.

ಇನ್ನೊಂದು ನಿಯಮವಿತ್ತು. ಹತ್ತಕ್ಕಿಂತ ಕಡಿಮೆ ಬಂದವರು ಪುಸ್ತಕಕ್ಕೆ ಮನೆಯಲ್ಲಿ ಸಹಿ ಹಾಕಿಸಿಕೊಂಡು ಬರಬೇಕು. ತಮಗೆ ಇದು ಅನ್ವಯವಾಗುವುದಿಲ್ಲವೆಂದು ಅವರು ತಿಳಿದಿದ್ದರು. ಸರ್ವಮಂಗಳಾ ಅವರು ಅನ್ವಯವಾಗುತ್ತದೆ ಎಂದಿದ್ದರು. ಪುಸ್ತಕ ಹಿಡಿದುಕೊಂಡು ಅಡುಗೆಮನೆಗೆ ಹೋದರು. ತ್ರಿಪುರಸುಂದರಿ ಕೈ ಒರೆಸಿಕೊಂಡು, ಪುಟವನ್ನು ಮೇಲಿಂದ ಕೆಳಗಿನವರೆಗೆ ಓದಿದರು. 'ಹೆಬ್ಬಾಗಿಲು' ಸರಿಯಾಗಿದ್ದದ್ದನ್ನು ಗಮನಿಸಿದರು. 'ವಿಷೇಶ'ದ ಹತ್ತಿರ ಸ್ವಲ್ಪ ನಿಂತರು.

"ಇಷ್ಟು ಕಡಿಮೆ ಯಾಕೆ ಬಂತು?"

"ಮುಂದಿನ ವಾರ ಜಾಸ್ತಿ ತಗೋತೀನಿ," ಎಂದರು ಶಂಭುಲಿಂಗಪ್ಪನವರು.

ಆಕೆ ಒತ್ತನ್ನೂ ಸೊನ್ನೆಯನ್ನೂ ಬಿಡದೆ ತಮ್ಮ ಪೂರ್ತಿ ಹೆಸರು ಬರೆದು ಪುಸ್ತಕ ವಾಪಸು ಕೊಟ್ಟರು.

ಮುಂದಿನ ಸೋಮವಾರ ಹನ್ನೊಂದು ಬಂತು. ಸಹಿಯ ಅಗತ್ಯವಿರಲಿಲ್ಲ. ಆದರೂ ಅವರು ಕಚೇರಿಯಿಂದ ನೇರವಾಗಿ ಅಡುಗೆಮನೆಗೆ ಹೋಗಿ, ಆಕೆ ಸಾರಿಗೆ ಒಗ್ಗರಣೆ ಹಾಕಿ ತಿರುಗುವವರೆಗೂ ಪುಸ್ತಕ ತೆರೆದು ಹಿಡಿದುಕೊಂಡೇ ನಿಂತಿದ್ದರು.